ಕಾಮಯಗೌಂಡನ್‌ಪಟ್ಟಿಯ ಪುಸ್ತಕಗಳ ಮೇಲಿನ ನೀಲಿ ಗುರುತು

ದಿಂಡಿಗಲ್ಲಿನಲ್ಲಿ ರೈಲು ಇಳಿದಾಗ ಬೆಳಗಿನ ಏಳು ಗಂಟೆ. ನಿಲ್ದಾಣದ ಹೊರಗೆ ಬರುತ್ತಲೇ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ನಾನು ಮೈಸೂರು ರಾಜ್ಯದ ಒಂದು ಸಣ್ಣ ಪೇಟೆಯ ಗ್ರಂಥಪಾಲಕ. ನಮ್ಮಲ್ಲಿ ಗ್ರಂಥಾಲಯ ಕಾಯಿದೆ ಆಗಷ್ಟೇ ಬಂದಿತ್ತು. ಮದರಾಸಿನವರು ಈ ಕೆಲಸವನ್ನು ಎಷ್ಟೋ ವರ್ಷ ಮೊದಲೇ ಶುರುಮಾಡಿದ್ದರು. ಅವರ ಹಳ್ಳಿಗಳಲ್ಲಿ ಹೇಗೆ ನಡೆಸುತ್ತಾರೆ, ನೋಡಿಕೊಂಡು ಬನ್ನಿ ಎಂದು ನಮ್ಮ ಸಮಿತಿ ಕಳಿಸಿತ್ತು.

ತೇಣಿಗೆ ಸುಮಾರು ನಲವತ್ತೈದು ಮೈಲಿ. ಬಸ್ಸಿನಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ತೇಣಿಯಲ್ಲಿ ಇಡ್ಲಿ ತಿಂದು ಕಂಬಂ ಬಸ್ಸು ಹತ್ತಿದೆ. ಚಿನ್ನಮನೂರು ದಾಟಿದ ಮೇಲೆ ಎರಡೂ ಕಡೆ ಬೆಟ್ಟ, ನಡುವೆ ಹಸಿರು ಗದ್ದೆ, ಮುಖಕ್ಕೆ ರಾಚುವ ಗಾಳಿ. ಕಂಬಮ್ಮಿನಿಂದ ಜಟಕಾ ಹಿಡಿದು ಕಾಮಯಗೌಂಡನ್‌ಪಟ್ಟಿ ತಲುಪುವಾಗ ಮಧ್ಯಾಹ್ನ ಮೂರು. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ.

ಗ್ರಂಥಾಲಯವೆಂದರೆ ಬಾಡಿಗೆಯ ಒಂದೇ ಕೋಣೆ. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಬೀರುಗಳಿಗೆ ಬಾಗಿಲೇ ಇರಲಿಲ್ಲ! ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿಟ್ಟಿದ್ದರು. ನೆಲದ ಮೇಲೆ ಕೂತಿದ್ದ ಒಬ್ಬ ಹೆಂಗಸಿನ ತೊಡೆಯ ಮೇಲೆ ತೆರೆದ ಪುಸ್ತಕ. ಅವಳ ಎರಡೂ ಕೈ ಮೊಣಕೈವರೆಗೆ ನೀಲಿ. ಬಳ್ಳಿಗೆ ಹೊಡೆಯುವ ಮೈಲುತುತ್ತದ ಬಣ್ಣ. ಪುಟದ ತುಂಬ ಅದೇ ನೀಲಿಯ ಬೆರಳಗುರುತು.

ಇಪ್ಪತ್ತು ವರ್ಷ ಪುಸ್ತಕ ಕಾದವನು ನಾನು. ತಡೆಯಲಾಗಲಿಲ್ಲ. "ಏನಮ್ಮಾ ಇದು! ಕೈ ತೊಳ್ಕೊಂಡು ಬರಬಾರದಾ?" ಎಂದು ಗದರಿಬಿಟ್ಟೆ. ಕನ್ನಡದಲ್ಲಿ ಹೇಳಿದ್ದು ಅವಳಿಗೆ ತಿಳಿಯದು ಎಂದುಕೊಂಡಿದ್ದೆ. ತಿಳಿಯಿತು. ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೊರಟುಹೋದಳು.

ಮೇಜಿನ ಹಿಂದಿದ್ದ ಗ್ರಂಥಪಾಲಕ ರಂಗಸಾಮಿ ಎದ್ದು ನಿಂತರು. "ಇಲ್ಲಿ ನಮ್ಮೋರದೆಲ್ಲ ಮನೆಮಾತು ಕನ್ನಡವೇ ಸಾರ್. ಬರಿಯಾಕೆ ಮಾತ್ರ ಬರಾದಿಲ್ಲ. ಕುಂತ್ಕೊಳ್ಳಿ," ಎಂದರು. ಆಮೇಲೆ ತಡೆದು ತಡೆದು ಹೇಳಿದರು.

"ಈಗ ಎದ್ದುಹೋದ ಅಮ್ಮನ ಗಂಡ ಹೋದ ವರ್ಷ ಒಂದು ಡಬ್ಬ ತಂದಿದ್ದ. ಹುಳಕ್ಕೆ ಹೊಡಿಯೋ ಔಷಧಿ, ಮರುಂದು. ಅದರ ಮೇಲೆ ಇಂಗ್ಲಿಷ್‌ನಾಗೆ ಬರೆದಿತ್ತು. 'ಏನಂತ ಓದಿ ಹೇಳು ತಂಬಿ' ಅಂತ ಕೇಳ್ದ. ಮೈಯೆಲ್ಲ ನೀಲಿ, ಕೆಸರು. ನಮ್ಮಲ್ಲಿ ರೂಲ್ಸು, ಸಟ್ಟಂ ಇತ್ತಲ್ಲ, ಕೊಳೆ ಕೈನೋರು ಒಳಗೆ ಬರಬಾರದು ಅಂತ. ಕಿಟಕಿಯಿಂದಲೇ, ಕೈ ತೊಳ್ಕೊಂಡು ನಾಳೆ ಬಾ ಅಂದೆ."

"ಬಂದನಾ?"

"ನಾಳೆ ಬೆಳಗ್ಗೆಯೇ ಹೊಡೀಬೇಕು ಅಂದಿದ್ದ ತೋಟದೋನು. ಮೂಗಿಗೆ ಬಟ್ಟೆ ಕಟ್ಟದೆ, ಗಾಳಿಗೆ ಎದುರು ನಿಂತು ಹೊಡೆದ. ಸಾಯಂಕಾಲಕ್ಕೆ ಸತ್ತೋದ ಸಾರ್. ಆ ಮರುಂದಿನ ಪುಸ್ತಕ ಈ ಬೀರುವಿನೊಳಗೇ ಇತ್ತು. ಬೀಗ ಹಾಕಿ ಇಟ್ಟಿದ್ದೆ."

ನಮ್ಮ ಪೇಟೆಯ ಗ್ರಂಥಾಲಯದಲ್ಲಿ ಅಂಥದೇ ನಿಯಮವನ್ನು ಬರೆದವನು ನಾನೇ. ನಮ್ಮ ಕಿಟಕಿಯಿಂದ ಎಷ್ಟು ಜನ ಹಿಂತಿರುಗಿದರೋ, ಏನು ಕೇಳಲು ಬಂದಿದ್ದರೋ! ಒಮ್ಮೆಯೂ ಆ ಯೋಚನೆ ಬಂದಿರಲಿಲ್ಲ.

ಹೊರಗೆ ಓಡಿದೆ. ಹೆಂಗಸು ಕಾಲುವೆಯ ಕಲ್ಲಿನ ಮೇಲೆ ಕೂತು ಮರಳಿನಿಂದ ಕೈ ತಿಕ್ಕುತ್ತಿದ್ದಳು. ಚರ್ಮ ಕೆಂಪಾಗಿತ್ತು, ನೀಲಿ ಹಾಗೆಯೇ ಇತ್ತು.

"ತೊಳ್ದೆ ಅಣ್ಣಾ," ಎಂದಳು, "ಇದು ಹೋಗಾದಿಲ್ಲ."

"ತಪ್ಪಾಯ್ತು ತಾಯಿ. ಹಾಗೇ ಬನ್ನಿ," ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಕೋಣೆಯಲ್ಲಿ ಮತ್ತೆ ಅದೇ ಜಾಗದಲ್ಲಿ ಕೂತು, ಅಷ್ಟರಲ್ಲಿ ಬಂದಿದ್ದ ಇನ್ನಿಬ್ಬರು ಕೂಲಿ ಹೆಂಗಸರಿಗೆ ಕೇಳುವಂತೆ ಅದೇ ಪುಸ್ತಕವನ್ನು ತಮಿಳಿನಲ್ಲಿ ಅಕ್ಷರ ಕೂಡಿಸಿ ಓದತೊಡಗಿದಳು. ಓದಲು ಕಲಿಸಿದವರು ರಂಗಸಾಮಿ. ತೋಟದ ಕೆಲಸ ಮುಗಿಯುವ ಹೊತ್ತಿಗೇ ಈಗ ಅವರು ಗ್ರಂಥಾಲಯ ತೆರೆಯುವುದು. ಯಾರು ಯಾವ ಡಬ್ಬ ತಂದರೂ ಮೊದಲು ಅದನ್ನು ಓದಿ ಹೇಳಿ, ಆಮೇಲೇ ಬೇರೆ ಕೆಲಸವಂತೆ.

ಮಾರನೆಯ ಬೆಳಗ್ಗೆ ಕಂಬಂ ಬಸ್‌ಸ್ಟ್ಯಾಂಡಿಗೆ ಅವರೇ ಬಂದು ಕಳಿಸಿಕೊಟ್ಟರು. ಬಸ್ಸು ಹೊರಡುವ ಮುಂಚೆ ಕೇಳಿದೆ: "ಮೇಲಿನವರು ತಪಾಸಣೆಗೆ ಬಂದಾಗ ಆ ಪುಟಗಳನ್ನು ನೋಡಿ ಏನೂ ಅನ್ನುವುದಿಲ್ಲವೇ?"

"ಪುಸ್ತಗಕ್ಕೆ ಏನಾಗಿದೆ ಅಂತ ಕೇಳ್ತಾರೆ ಸಾರ್."

"ನೀವೇನಂತೀರಿ?"

"ಓದವ್ರೆ ಅಂತೀನಿ," ಎಂದರು ರಂಗಸಾಮಿ.