ಲೈಟಕ್ಕ ಕ್ಯಾಮೆರಾ ಕೆಳಗಿಟ್ಟ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಒಗೆಯುವ ಯಂತ್ರಗಳು ಗಡಗಡ ತಿರುಗುತ್ತಿವೆ. ಅವುಗಳಿಗಿಂತ ಜೋರಾಗಿ ಲೈಟಕ್ಕ ತಿರುಗುತ್ತಿದ್ದಾರೆ. ಕ್ಯಾಮೆರಾ ಹಿಡಿದು ಒಮ್ಮೆ ಕಿಟಕಿಯ ಹತ್ತಿರ, ಒಮ್ಮೆ ಹಬೆ ಉಗುಳುವ ಇಸ್ತ್ರಿ ಯಂತ್ರದ ಹತ್ತಿರ, ಮತ್ತೊಮ್ಮೆ ನನ್ನ ಕಾಲ ಮೇಲೆ. "ಸಾರಿ ಸಾರಿ, ಸ್ವಲ್ಪ ಆ ಕಡೆ ನಿಲ್ಲಿ. ಅಯ್ಯೋ, ಅಲ್ಲೂ ಬೇಡ, ನೆರಳು ಬೀಳುತ್ತೆ." ಅವರ ಬಗ್ಗೆ ಬರೆಯಲೆಂದು ಬಂದ ನನಗೆ ಕೊನೆಗೆ ಸಿಕ್ಕ ಜಾಗ ಸೋಪಿನ ಪುಡಿಯ ಚೀಲಗಳ ನಡುವೆ. ಈ ಹೆಂಗಸು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿರಬೇಕು.

ಗಡಿಬಿಡಿಗೆ ಕಾರಣವಿದೆ. ನಾಳೆಯಿಂದ ಈ ಲಾಂಡ್ರಿ ಇರುವುದಿಲ್ಲ. ಇನ್ನು ಆಸ್ಪತ್ರೆಯ ಬಟ್ಟೆಯೆಲ್ಲ ಲಾರಿ ಏರಿ ಹೊರಗೆ ಹೋಗುತ್ತದೆ. ಅಷ್ಟರೊಳಗೆ ಲೈಟಕ್ಕನ ಮೊದಲ ಸಾಕ್ಷ್ಯಚಿತ್ರದ ಚಿತ್ರೀಕರಣ ಮುಗಿಯಬೇಕು. ವಾರವಿಡೀ ತೆಗೆದದ್ದರಲ್ಲಿ ಕೆಲಸಕ್ಕೆ ಬರುವಂಥದ್ದು ಒಂದು ತುಣುಕೂ ಇಲ್ಲ.

ಹೊಟ್ಟೆಪಾಡಿಗೆ ಅವರು ಮಾಡುವುದು ಮದುವೆ ವಿಡಿಯೋ. ಹುಡುಗಿಯಾಗಿದ್ದಾಗ ಬೇರೆಯವರ ಕ್ಯಾಮೆರಾದ ಹಿಂದೆ ದೀಪ ಎತ್ತಿ ಹಿಡಿದು ನಿಲ್ಲುತ್ತಿದ್ದುದರಿಂದ ಬಂದ ಅಡ್ಡಹೆಸರು ಲೈಟಕ್ಕ. ಈಗ ಕ್ಯಾಮೆರಾವೇ ಅವರದು, ಹೆಸರು ಮಾತ್ರ ಬಿಟ್ಟಿಲ್ಲ. ಒಂದು ಸೀಸನ್ನಿಗೆ ಐವತ್ತು, ಅರವತ್ತು ಮದುವೆ. ಊಟ ಎಲ್ಲರದೂ ಆದ ಮೇಲೆ, ಬೆನ್ನುನೋವು ಎಲ್ಲ ಕಾಲಕ್ಕೂ.

ಎಡವಟ್ಟಾಗಿರುವುದೂ ಇಲ್ಲೇ. ಲಾಂಡ್ರಿಯವರೆಲ್ಲರ ಮನೆಯ ಮದುವೆಗೂ ಹೋದವರು ಲೈಟಕ್ಕನೇ. ಅವರು ಕ್ಯಾಮೆರಾ ಎತ್ತಿದರೆ ಸಾಕು, ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು, ಕೂದಲು ಸರಿಮಾಡಿಕೊಂಡು ಹಲ್ಲು ಕಿಸಿಯುತ್ತಾರೆ. ಮೇಸ್ತ್ರಿಯಂತೂ ಈ ಸೆಕೆಯಲ್ಲಿ ಕೋಟು ಹಾಕಿಕೊಂಡು ಬಂದು ಯಂತ್ರದ ಪಕ್ಕ ಮದುಮಗನ ಹಾಗೆ ನಿಂತಿದ್ದಾರೆ.

"ತಪ್ಪು ಅವರದ್ದಲ್ಲ. 'ಇಲ್ಲಿ ನೋಡಿ, ನಗಿ' ಅಂತ ಊರಿಗೆಲ್ಲ ಕಲಿಸಿದ್ದು ನಾನೇ ಅಲ್ವಾ? ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದೆ" ಎಂದು ಲೈಟಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಚಿತ್ರವಿರುವುದು ಅವರ ಚಿಕ್ಕಮ್ಮನ ಬಗ್ಗೆ. ತಾಯಿಯಿಲ್ಲದ ಲೈಟಕ್ಕನನ್ನು ಸಾಕಿದ್ದು ಇದೇ ಲಾಂಡ್ರಿಯಲ್ಲಿ ದುಡಿಯುವ ಈ ಚಿಕ್ಕಮ್ಮ. ಶಾಲೆ ಬಿಟ್ಟ ಮೇಲೆ ಹುಡುಗಿ ನೇರ ಇಲ್ಲಿಗೇ ಬಂದು, ಇಸ್ತ್ರಿಯಾದ ಬಿಸಿ ಬೆಡ್‌ಶೀಟುಗಳ ಗಾಡಿಯೊಳಗೆ ನಿದ್ದೆ ಹೊಡೆಯುತ್ತಿದ್ದಳಂತೆ. "ಈ ಜಾಗ ಹೋದ್ರೆ ನಾನು ಬೆಳೆದ ಮನೇನೇ ಹೋದ ಹಾಗೆ. ಚಿಕ್ಕಮ್ಮ ಇಲ್ಲಿ ಹೇಗಿದ್ರು ಅನ್ನೋದು ಒಂಚೂರಾದ್ರೂ ಉಳೀಬೇಡ್ವಾ?"

ಚಿಕ್ಕಮ್ಮ ಬಗ್ಗುವವರಲ್ಲ. ಕ್ಯಾಮೆರಾ ಕಂಡರೆ "ಎಲ್ಲಾ ಚೆನ್ನಾಗಿದೆ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಮೊದಲ ದಿನ ಅವರು ಒದ್ದೆ ಬಟ್ಟೆಯ ಹೊರೆ ಎತ್ತುವಾಗ, ಲೈಟಕ್ಕ ಅಭ್ಯಾಸಬಲದಿಂದ "ಇನ್ನೊಂದ್ಸಲ ಮಾಡು ಚಿಕ್ಕಮ್ಮ" ಅಂದುಬಿಟ್ಟರಂತೆ. ಬಂದ ಉತ್ತರ: "ಇನ್ನೊಂದ್ಸಲಾನಾ? ಇದೇನು ಮದುವೆ ಮನೆಯಾ? ಸೊಂಟ ನಂದು ಕಣೇ!"

ಹೊತ್ತು ಏರುತ್ತಿದೆ. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಚಿಕ್ಕಮ್ಮನ ಎದುರು ನಿಲ್ಲುತ್ತಿದ್ದ ಜೊತೆಗಾತಿ ನಿನ್ನೆಯೇ ಬೇರೆ ಕೆಲಸ ಹಿಡಿದು ಹೋಗಿದ್ದಾರೆ. ಗಾಡಿಯಲ್ಲಿ ರಾಶಿ ಬೆಳೆಯುತ್ತಿದೆ, ವಾರ್ಡಿನಿಂದ ಫೋನ್ ಮೇಲೆ ಫೋನ್.

"ಲೇ, ಆ ಡಬ್ಬಾನ ಕೆಳಗಿಟ್ಟು ಈ ತುದಿ ಹಿಡಿ!" ಎಂದು ಚಿಕ್ಕಮ್ಮ ಕೂಗುತ್ತಾರೆ.

"ಚಿಕ್ಕಮ್ಮ, ಇವತ್ತು ಬಿಟ್ರೆ ಮತ್ತೆ ಸಿಗಲ್ಲ..."

"ಅಲ್ಲಿ ಮಲಗಿರೋರಿಗೆ ನಿನ್ನ ಸಿನಿಮಾ ಹೊದಿಸ್ಲಾ?"

ಲೈಟಕ್ಕ ಕ್ಯಾಮೆರಾವನ್ನು ಖಾಲಿ ಗಾಡಿಯ ಮೇಲೆ ಕುಕ್ಕಿ ಓಡುತ್ತಾರೆ. ಆಫ್ ಮಾಡಲು ಮರೆತಿದ್ದಾರೆ; ಅದರ ಕೆಂಪು ದೀಪ ನನಗೆ ಕಾಣುತ್ತಿದೆ. ನಾನು ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ.

ಇಬ್ಬರೂ ಶೀಟನ್ನು ಎಳೆದು ಕೊಡವುತ್ತಾರೆ, ಹತ್ತಿರ ಬಂದು ತುದಿಗೆ ತುದಿ ಕೂಡಿಸುತ್ತಾರೆ, ಮತ್ತೆ ಹಿಂದೆ ಸರಿಯುತ್ತಾರೆ. ಬೆಳಗಿನಿಂದ ನಿಂತಲ್ಲಿ ನಿಲ್ಲದ ಲೈಟಕ್ಕನ ಕಾಲುಗಳು ಈಗ ಒಂದು ಹದಕ್ಕೆ ಬಿದ್ದಿವೆ. ನಾಲ್ಕೈದು ಶೀಟು ಆದ ಮೇಲೆ, ಮಡಿಕೆಯಿಂದ ಕಣ್ಣೆತ್ತದೆ ಚಿಕ್ಕಮ್ಮ ಹೇಳುತ್ತಾರೆ: "ನಾಳೆ ಬೆಳಗ್ಗೆ ಎಂದಿನ ಹಾಗೆ ಎಚ್ಚರ ಆಗುತ್ತಲ್ಲೇ, ಆಗ ಎದ್ದು ಏನ್ಮಾಡ್ಲಿ? ನಂಗೆ ಬೇರೆ ಏನೂ ಬರಲ್ಲ. ಭಯ ಆಗುತ್ತೆ ಕಣೇ."

ಲೈಟಕ್ಕನ ಕೈಯಿಂದ ತುದಿ ಜಾರುತ್ತದೆ. "ಸರಿಯಾಗಿ ಹಿಡಿ" ಎಂದು ಗದರಿ ಚಿಕ್ಕಮ್ಮ ಮುಂದಿನ ಶೀಟು ಎಳೆಯುತ್ತಾರೆ.

ಮಡಿಸಿದ ಬಟ್ಟೆ ವಾರ್ಡಿಗೆ ಹೋದ ಮೇಲಷ್ಟೇ ಲೈಟಕ್ಕನಿಗೆ ಕೆಂಪು ದೀಪ ಕಾಣಿಸುತ್ತದೆ. ಮೂವರೂ ಪುಟ್ಟ ಪರದೆಗೆ ತಲೆ ಹಾಕುತ್ತೇವೆ. ಚಿತ್ರ ಒಂದು ಪಕ್ಕಕ್ಕೆ ವಾಲಿದೆ. ಮೂಲೆಯಲ್ಲಿ ಗಾಡಿಯ ಹಿಡಿ. ಪರದೆಯ ಅರ್ಧಭಾಗ ಬೆವತು ಕೂದಲು ಕೆದರಿದ ಲೈಟಕ್ಕನೇ. "ಥೂ, ನಾನೇ ಅಡ್ಡ ಬಂದಿದೀನಿ, ಎಲ್ಲಾ ಕೆಟ್ಟೋಯ್ತು" ಅನ್ನುವಷ್ಟರಲ್ಲಿ ಪರದೆಯೊಳಗಿನ ಚಿಕ್ಕಮ್ಮ ಭಯ ಆಗುತ್ತೆ ಅನ್ನುತ್ತಾರೆ.

ಲೈಟಕ್ಕ ಅಳುತ್ತಿದ್ದಾರೆ. "ನೀನು ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ ಚಿಕ್ಕಮ್ಮ." ಅಳಿಸಿದರೆ ಅವರಿಗೆ ಉಳಿಯುವುದು ಮೇಸ್ತ್ರಿಯ ಕೋಟು ಮಾತ್ರ. ಬೆರಳು ಆಗಲೇ ಅಳಿಸುವ ಗುಂಡಿಯ ಮೇಲಿದೆ.

ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ಹಾಕಿಸಿ ಪೂರ್ತಿ ನೋಡುತ್ತಾರೆ.

"ಯಾರ ಮದುವೆ ವಿಡಿಯೋ ನೋಡಿದ್ರೂ ನಾನು ನಿನ್ನೇ ಹುಡುಕ್ತಿದ್ದೆ. ಒಂದರಲ್ಲೂ ನೀನಿರ್ತಿರ್ಲಿಲ್ಲ. ಇದರಲ್ಲಿ ಇದೀಯ. ಅಳಿಸಿದ್ರೆ ಕೈ ಮುರೀತೀನಿ."