ಬುರ್ಮಾಕಾನ್ ಅತ್ತಿಗೆ ಅಳಲಿಲ್ಲ

ನಮ್ಮ ಕೊಚ್ಕೊರ್ ಊರಿನಲ್ಲಿ ಬುರ್ಮಾಕಾನ್ ಅತ್ತಿಗೆಯ ಬಾಯಿಗೆ ಹೆದರದವರಿಲ್ಲ. ಉಣ್ಣೆ ಬಡಿಯಲು ಕೂತರೆ ಕೋಲೂ ನಾಲಗೆಯೂ ಒಟ್ಟಿಗೇ ಓಡುತ್ತವೆ. ಆಕೆ ನನ್ನನ್ನು ಹೆತ್ತವಳು. ನಾನು ಕರೆಯುವುದು ಮಾತ್ರ ಅತ್ತಿಗೆ ಎಂದು.

ನಮ್ಮಲ್ಲಿ ಇದೇನು ಹೊಸದಲ್ಲ. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕುವುದುಂಟು. ಮಗುವಿಗೆ ಅವರೇ ಅಪ್ಪ ಅಮ್ಮ. ಹೆತ್ತವರು ಅಣ್ಣ ಅತ್ತಿಗೆ. ಸೊಸೆ ಗಂಡನ ಮನೆಯವರ ಹೆಸರು ಹಿಡಿಯುವಂತಿಲ್ಲ. ಆ ಲೆಕ್ಕದಲ್ಲಿ ನಾನು ಆಕೆಗೆ ಮೈದುನ. ಹಾಗಾಗಿ, ತಾನು ಹೆತ್ತ ಈ ಎಲ್‌ಚಿಬೆಕ್‌ನನ್ನು ಆಕೆ ಹೆಸರು ಹಿಡಿದು ಕರೆದವಳೇ ಅಲ್ಲ. "ಚಿಕ್ಕ ಸಾಹೇಬ್ರೇ, ಮೂಗು ಒರೆಸ್ಕೊಳ್ಳಿ" ಅನ್ನುತ್ತಿದ್ದಳು.

ದೊಡ್ಡವನಾಗಿ ಕಾದಂಬರಿ ಬರೆದೆ. ಅದರಲ್ಲಿ ಅತ್ತೆ ಗದರಿಸಿ ಮಗುವನ್ನು ಕಿತ್ತುಕೊಳ್ಳುತ್ತಾಳೆ, ಸೊಸೆ ಪುಟಗಟ್ಟಲೆ ಅಳುತ್ತಾಳೆ. ಕೊನೆಗೆ ಬೆಳೆದ ಮಗ ಬಂದು ಆಕೆಯನ್ನು "ಅಮ್ಮಾ" ಅನ್ನುತ್ತಾನೆ. ನನ್ನನ್ನು ಸಾಕಿದ ಅಮ್ಮ ತೀರಿಕೊಂಡಾಗಿತ್ತು. ಆ ಒಂದು ಪದವನ್ನು ಇನ್ನಾದರೂ ಅತ್ತಿಗೆಗೆ ಕೊಡಬೇಕೆಂದು ನನಗೆ ಆಸೆ. ಎದುರಿಗೆ ಹೇಳುವ ಧೈರ್ಯವಿಲ್ಲದೆ ಪುಸ್ತಕದಲ್ಲಿ ಹೇಳಿದ್ದೆ. ಆಕೆ ಒಪ್ಪಿದರೆ ಮಾತ್ರ ಅಚ್ಚಿಗೆ ಎಂದುಕೊಂಡು, ಉಣ್ಣೆ ಬಡಿಯುತ್ತಾ ಕೂತಿದ್ದವಳಿಗೆ ಓದಿ ಕೇಳಿಸಿದೆ.

"ಅಯ್ಯೋ, ಯಾರಿವಳು ಅಳುಮುಂಜಿ?"

"ನೀವೇ ಅತ್ತಿಗೆ."

"ನಾನಾ! ಅವತ್ತು ಅಳೋಕೆ ಪುರುಸೊತ್ತೆಲ್ಲಿತ್ತು? ಕುರಿ ಉಣ್ಣೆ ಕತ್ತರಿಸೋ ದಿನ. ನಮ್ಮತ್ತೆ ದೊಡ್ಡ ಮಗನ್ನ, ನಮ್ಮನೆಯವರ ಅಣ್ಣನ್ನ, ಮಣ್ಣು ಮಾಡಿ ಬಂದವರು, ಊಟ ನೀರು ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ರು. ನಿಮ್ಮನ್ನ ತಗೊಂಡೋಗಿ ಪಕ್ಕದಲ್ಲಿ ಮಲಗಿಸ್ದೆ. ನೀವು ಊರೇ ಕಿತ್ತೋಗೋ ಹಾಗೆ ಕಿರುಚಿದ್ರಿ. ಅವರು ಎದ್ದು ಕೂತು ಎತ್ಕೊಂಡ್ರು. ಅಷ್ಟೇ."

"ಮಗು ಕೊಡು ಅಂತ ಅವರು ಕೇಳಲಿಲ್ವಾ?"

"ಎಲ್ಲಿ ಕೇಳಿದ್ರು? ಕೇಳಿದ್ದಿದ್ರೆ ಕೊಡ್ತಾನೇ ಇರ್ಲಿಲ್ಲವೇನೋ. ಮೊದಲೇ ಮೊಂಡಿ ನಾನು."

ಅವತ್ತು ಎದ್ದು ಕೂತ ಅಮ್ಮ ಮುಂದೆ ನನ್ನನ್ನು ಕುದುರೆ ಹತ್ತಿಸಿದಳು, ಓದಿಸಿದಳು, ನನ್ನ ಮದುವೆಯಲ್ಲಿ ಕುಣಿದಳು. ನನಗೆ ಅಂಥ ಅಮ್ಮನನ್ನು ಉಳಿಸಿಕೊಟ್ಟವಳು ಈ ಮೊಂಡಿ. ಎಷ್ಟು ಋಣ! ನಾನೋ, ಆಕೆ ಪುಟ ತುಂಬ ಅಳುವಂತೆ ಮಾಡಿ ದೊಡ್ಡ ಲೇಖಕನಾಗಿದ್ದೆ.

"ಆ 'ಅಮ್ಮಾ' ಅನ್ನೋದನ್ನೂ ಹೊಡೆದುಹಾಕಿ" ಎಂದಳು.

"ಯಾಕತ್ತಿಗೆ? ಅವರು ಈಗಿಲ್ವಲ್ಲ."

"ಇಲ್ಲ ಅಂತ ವಾಪಸ್ ತಗೊಳ್ಳೋದಾ? ಕೊಟ್ಟಿದ್ದು ಕೊಟ್ಟಿದ್ದೇ. ಮಣ್ಣೊಳಗೆ ಮಲಗಿರೋರ ಮಡಿಲು ಖಾಲಿ ಮಾಡ್ಬೇಡಿ, ಸಾಹೇಬ್ರೇ."

ಅಲ್ಲೇ ಕೂತು ಆ ಪುಟಗಳನ್ನೆಲ್ಲ ಹೊಡೆದುಹಾಕಿದೆ. ಅಂಚಿನಲ್ಲಿ ಒಂದೇ ಸಾಲು ಗೀಚಿ ಓದಿದೆ: 'ಅತ್ತಿಗೆ ಮಗುವನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿ, ಉಣ್ಣೆ ಕತ್ತರಿಸಲು ಹೋದಳು.'

ಆಕೆಯ ಕೈಯ ಕೋಲು ನಿಂತಿತು. ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

"ಹಾಂ, ಇವಳು ನಾನು" ಎಂದಳು. "ಇನ್ನೊಂದ್ಸಲ ಓದಿ."