ರೊಟ್ಟಿಯ ಸಪ್ಪಳ ಕೇಳುವ ಮನೆ

ಮರದ ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಎಲ್ಲಿ ಕೇಳಿದರೂ ನನಗೆ ಹಸಿವಾಗುತ್ತದೆ, ಅದರ ಬೆನ್ನಿಗೇ ಮುಂಬಯಿಯ ಪರೇಲಿನಲ್ಲಿದ್ದ ಸಾಲು ಖೋಲಿಗಳ ನಮ್ಮ ಚಾಳು ನೆನಪಾಗುತ್ತದೆ. ವಿಜಯಪುರದ ಕಡೆಯಿಂದ ಮಿಲ್ಲಿನ ಕೆಲಸಕ್ಕೆಂದು ಬಂದ ಅಜ್ಜ ಅಲ್ಲಿ ಹಿಡಿದಿದ್ದ ಒಂದೇ ಒಂದು ಖೋಲಿ, ಆತನ ನಂತರ ಅವ್ವನ ಹೆಸರಿಗೆ ಬಂದಿತ್ತು. ಅದಕ್ಕೂ ಪಕ್ಕದ ಮರಾಠಿ ಮನೆಯ ಸುಮನ್ ಮಾವಶಿಯ ಖೋಲಿಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಬೆಳಿಗ್ಗೆ ಹನ್ನೊಂದಕ್ಕೆ ಅವ್ವ ಮೊದಲ ರೊಟ್ಟಿ ಬಡಿಯತೊಡಗಿದರೆ ಆಚೆಗೆ ಮಾವಶಿ ಕಡಲೆಹಿಟ್ಟಿನ ಝುಣಕದ ಒಗ್ಗರಣೆಗೆ ಎಣ್ಣೆ ಇಡುತ್ತಿದ್ದಳು. ರೊಟ್ಟಿ ನಮ್ಮದು, ಝುಣಕ ಅವರದು, ಉಣ್ಣುವ ಬಾಯಿಗಳು ಎರಡೂ ಮನೆಯವು. ಹೀಗೆ ಮಾಡೋಣ ಎಂದು ಇಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ. ಚಾಳಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಸುತ್ತಲಿನ ಮಿಲ್ಲುಗಳ ಜಾಗದಲ್ಲಿ ಟವರುಗಳು ಎದ್ದಂತೆ ನಮ್ಮ ಸೋರುವ ಚಾಳಿಗೂ ಬಂಗಾರದ ಬೆಲೆ ಬಂತು. ಚಾಳು ಕೆಡವಿ ಎಲ್ಲರಿಗೂ ಹೊಸ ಫ್ಲ್ಯಾಟ್ ಕೊಡುತ್ತೇವೆಂದು ಬಿಲ್ಡರ್ ಬಂದ. ಅಪ್ಪ, ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ, ಅಂದೇ ಪರದೆಯ ಬಟ್ಟೆ ನೋಡಿಕೊಂಡು ಬಂದರು. ಮಾದರಿ ಫ್ಲ್ಯಾಟ್ ತೋರಿಸಲು ನಮ್ಮನ್ನು ಕರೆದೊಯ್ದಾಗ, ಟೈ ಕಟ್ಟಿದ್ದ ಹುಡುಗ ಗೋಡೆಯನ್ನು ಮುಷ್ಟಿಯಿಂದ ಗುದ್ದಿ, "ಬಾಜೂ ಮನೆಯೋರು ಢೋಲ್ ಬಜಾಯಿಸಿದ್ರೂ ಕೇಳ್ಸಲ್ಲ ಆಂಟಿ" ಎಂದ. ಅಪ್ಪನ ಮುಖ ಅರಳಿತು. ಅವ್ವನ ಮುಖ ಬಾಡಿತು.

"ಹಂಗಾರ ನಾ ರೊಟ್ಟಿ ಬಡಿಯೂದು ಸುಮನ್‌ಗ ಹೆಂಗ ಗೊತ್ತಾಗಬೇಕು?" ಎಂದಳು.

ಅಪ್ಪ "ಫೋನ್ ಮಾಡು" ಎಂದರು. ಆ ಮಾತಿಗೆ ಅವರಿಗೆ ಎರಡು ದಿನ ತಣ್ಣನೆಯ ರೊಟ್ಟಿ ಸಿಕ್ಕಿತು. ಫ್ಲ್ಯಾಟುಗಳನ್ನು ಚೀಟಿ ಎತ್ತಿ ಹಂಚುವುದೆಂದು ಗೊತ್ತಾದ ಮೇಲಂತೂ ಅವ್ವ ಒಪ್ಪಿಗೆಯ ಸಹಿಗೆ ಪೆನ್ನನ್ನೇ ಮುಟ್ಟಲಿಲ್ಲ. ಮಾವಶಿ ಒಂದು ಮಾಳಿಗೆ, ತಾನೊಂದು ಮಾಳಿಗೆ ಆದರೆ ಆ ಮನೆ ತನಗೆ ಬೇಡವೇ ಬೇಡ. ಚಾಳಿನವರೆಲ್ಲ ಸಹಿ ಹಾಕಿಯಾಗಿತ್ತು. ಉಳಿದವಳು ಅವ್ವ ಒಬ್ಬಳೇ. ಬಿಲ್ಡರನ ಕಡೆಯವರು ಹೇಳಿಸಿ ನೋಡಿದರು, ಬೈಯಿಸಿ ನೋಡಿದರು. ಕೊನೆಗೆ ಬಿಲ್ಡರನೇ ನಗುತ್ತ, ಎದುರುಬದುರು ಬಾಗಿಲು ಕೊಡುತ್ತೇನೆಂದು ಬರೆದುಕೊಟ್ಟ.

ಕಟ್ಟಡ ಏಳುವವರೆಗೆ ನಾವು ಊರಾಚೆಯ ಮುಲುಂಡಿನಲ್ಲಿ ಬಾಡಿಗೆಗಿದ್ದೆವು. ಅಲ್ಲಿಯೂ ಅವ್ವ ಮೊದಲ ರೊಟ್ಟಿ ಬಡಿದು ಕೈ ತಡೆಯುತ್ತಿದ್ದಳು, ಆಚೆಯಿಂದ ಏನೋ ಕೇಳಬೇಕಿತ್ತು ಎನ್ನುವಂತೆ. ಹೊಸ ಮನೆಗೆ ಬಂದ ಮೊದಲ ದಿನ ಟೈ ಹುಡುಗನ ಮಾತು ನಿಜವಾಯಿತು. ಬುಟ್ಟಿ ತುಂಬ ರೊಟ್ಟಿಯಾದರೂ ಝುಣಕ ಬರಲಿಲ್ಲ. ಅತ್ತ ಮಾವಶಿ ಕಡಲೆಹಿಟ್ಟು ಕಲಸಿಟ್ಟುಕೊಂಡು ಸಪ್ಪಳಕ್ಕಾಗಿ ಕಾಯುತ್ತ ಕೂತಿದ್ದಳು. ಮರುದಿನದಿಂದ ಅವ್ವ ಮುಂಬಾಗಿಲನ್ನು ಪೂರ್ತಿ ತೆರೆದು, ಪಡಸಾಲೆಯ ಹೊಳೆಯುವ ನೆಲದ ಮೇಲೆಯೇ ಹಲಗೆ ಇಟ್ಟುಕೊಂಡು ಕೂರತೊಡಗಿದಳು. ಮೇಲಿನ ಫ್ಲ್ಯಾಟ್ ನೋಡಲು ಬಂದವರೊಬ್ಬರು ಲಿಫ್ಟಿನಿಂದ ತಪ್ಪಿ ನಮ್ಮ ಮಾಳಿಗೆಯಲ್ಲಿ ಇಳಿದು, ಹಿಟ್ಟು ಮೆತ್ತಿದ ಅವ್ವನನ್ನು ಕಂಡು ದಂಗಾಗಿ ನಿಂತರು. ಜೊತೆಗಿದ್ದ ದಲಾಲ ಕೊಂಚವೂ ಅಳುಕದೆ, "ನೋಡಿ ಮೇಡಂ, ಪಕ್ಕಾ ಫ್ಯಾಮಿಲಿ ಬಿಲ್ಡಿಂಗ್" ಎಂದ. ಅವರು ಬಿಸಿ ರೊಟ್ಟಿ ತಿಂದು ಹೋದರು, ಮನೆಯನ್ನೂ ಕೊಂಡರು.

ಅವ್ವ ಹೋಗಿ ಒಂದು ವರ್ಷವಾಯಿತು. ಮಾವಶಿಗೆ ಈಗ ಕಿವಿ ಕೇಳಿಸುವುದಿಲ್ಲ. ಆದರೂ ಹನ್ನೊಂದಾಯಿತೆಂದರೆ ಬಾಗಿಲು ತೆರೆದು, ಕುರ್ಚಿ ಹಾಕಿಕೊಂಡು, ನಮ್ಮ ಪಡಸಾಲೆಯತ್ತ ನೋಡುತ್ತ ಕೂರುತ್ತಾಳೆ. ಕಳೆದ ರವಿವಾರ ಅದನ್ನು ನೋಡಲಾರದೆ ಅಟ್ಟದ ಮೇಲಿನ ಹಲಗೆ ಇಳಿಸಿ, ಅವ್ವ ಕೂರುತ್ತಿದ್ದ ಜಾಗದಲ್ಲೇ ಕೂತೆ. ನನ್ನ ಕೈಗೆ ರೊಟ್ಟಿ ಎಲ್ಲಿ ಒಲಿಯಬೇಕು? ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ನಗುವೋ ಅಳುವೋ ತಿಳಿಯದೆ ತಲೆಯೆತ್ತಿದೆ. ಎದುರಿನ ಕುರ್ಚಿ ಖಾಲಿಯಾಗಿತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.